ಗುಡಿಯ ಕಡೆ ಮುಖ ಮಾಡಿ ನಿಂತ ಜೀಪು

ಇಂಥ ಅನುಭವಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನೀರಾವರಿ ಇಲಾಖೆಯಲ್ಲಿ ಕಾಲುವೆಯ ಸರ್ವೆ ಮಾಡಿಕೊಂಡು ಊರೂರು ಅಲೆದವನು ನಾನು. ಕ್ಯಾಂಪುಗಳಲ್ಲಿ ಊಟವಾದ ಮೇಲೆ ಯಾರಾದರೊಬ್ಬರು ದೆವ್ವದ ಕಥೆ ತೆಗೆಯುತ್ತಿದ್ದರು. ಹಳ್ಳದ ದಂಡೆಯ ಮೇಲೆ ಓಡಾಡಿದ ಬೆಳಕು, ಹಾಳು ಬಾವಿಯೊಳಗಿಂದ ಬಂದ ದನಿ, ಹುಣಸೆ ಮರದ ಕೆಳಗೆ ತಾನಾಗಿಯೇ ನಿಂತ ಮೋಟರ್‌ಸೈಕಲ್ಲು. ಬೆಳಕು ಮೀನು ಹಿಡಿಯುವವರದು, ದನಿ ಪಾರಿವಾಳದ್ದು, ಮೋಟರ್‌ಸೈಕಲ್ಲಿನಲ್ಲಿ ಪೆಟ್ರೋಲ್ ಮುಗಿದಿತ್ತು ಎಂದು ನಾನು ಪಟ್ಟು ಹಿಡಿದು ಸಾಧಿಸುತ್ತಿದ್ದೆ. ಕಡೆಕಡೆಗೆ ನಾನು ಬಂದು ಕೂತರೆ ಕಥೆ ಅರ್ಧಕ್ಕೇ ನಿಂತು ಇಸ್ಪೀಟಿನ ಎಲೆಗಳು ಹೊರಗೆ ಬರುತ್ತಿದ್ದವು. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಗಬಹುದು. ನಗಬೇಡಿ ಎನ್ನುವ ಹಕ್ಕು ನನಗಂತೂ ಇಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕತ್ತಲಿಲ್ಲ, ಸ್ಮಶಾನವಿಲ್ಲ, ನಾಯಿ ಊಳಿಡುವುದಿಲ್ಲ. ಜೋಳದ ತೆನೆ ಹಾಲುಗಟ್ಟುವ ದಿನಗಳ ಒಂದು ಮಧ್ಯಾಹ್ನ, ಮಹಾಕೂಟದ ಆಚೆಯ ಗುಡ್ಡದ ಮೇಲೆ, ಒಳ್ಳೆಯ ಬಿಸಿಲಿನಲ್ಲಿ ನಡೆದದ್ದು ಇದು. ನನಗೆ ಜ್ವರ ಇರಲಿಲ್ಲ. ಹೊಟ್ಟೆ ತುಂಬ ಉಂಡಿದ್ದೆ. ಕುಡಿದದ್ದು ಮಜ್ಜಿಗೆ ಮಾತ್ರ.

ನನ್ನದೊಂದು ಹಳೆಯ ಜೀಪು ಇದೆ. ಮೇಲೆ ತಗಡಿನ ಚಾವಣಿ ಇಲ್ಲ, ತಾಡಪತ್ರಿಯ ಹೊದಿಕೆ. ಇಲಾಖೆಯವರು ಹರಾಜಿಗೆ ಇಟ್ಟಾಗ ಕೊಂಡೆ, ಅದರಲ್ಲೇ ಎಷ್ಟೋ ವರ್ಷ ಕಾಲುವೆ ಸುತ್ತಿದ್ದರಿಂದ ಬಿಡಲು ಮನಸ್ಸಾಗಲಿಲ್ಲ. ವಿದ್ಯಾಗಿರಿಯ ನಮ್ಮ ಮನೆಯ ಮುಂದೆ ಅದು ನಿಂತರೆ ಹಾಲಿನವನ ಸೈಕಲ್ಲಿಗೂ ಜಾಗ ಸಾಲುವುದಿಲ್ಲ. ರವಿವಾರ ಬೆಳಗಾದರೆ ನಾನು ಅದನ್ನು ತೊಳೆದು ಒರೆಸಿ ಬಣ್ಣಕ್ಕೆ ಪಾಲಿಶ್ ಹಚ್ಚುವುದನ್ನು ನೋಡಿ ನನ್ನ ಹೆಂಡತಿ ಸುನಂದಾ ಅದಕ್ಕೆ ನನ್ನ ಹಿರೇ ಹೆಂಡತಿ ಎಂದು ಹೆಸರಿಟ್ಟಿದ್ದಳು.

ಸುನಂದಾ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಿದ್ದಳು. ಅವಳಿಗೊಂದು ಹುಚ್ಚಿತ್ತು, ಹ್ಯಾಮ್ ರೇಡಿಯೊ. ಸರಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಮನೆಯಿಂದಲೋ ಗಾಡಿಯಿಂದಲೋ ವೈರ್‌ಲೆಸ್ ಸೆಟ್ಟಿನಲ್ಲಿ ದೂರದವರ ಜೊತೆ ಮಾತಾಡುವವರ ಒಂದು ಬಳಗವಿದೆ. ಸುಮ್ಮನೆ ಹವ್ಯಾಸಕ್ಕಾಗಿ. ಫೋನ್ ಇರುವಾಗ ಇದೇಕೆ ಎಂದು ನಾನು ಕೇಳಿದರೆ, ಫೋನಿನಲ್ಲಿ ನಮಗೆ ಗೊತ್ತಿದ್ದವರು ಮಾತ್ರ ಸಿಗುತ್ತಾರೆ, ಇದರಲ್ಲಿ ಯಾರು ಸಿಗುತ್ತಾರೋ ಗೊತ್ತೇ ಇರುವುದಿಲ್ಲ ಎನ್ನುತ್ತಿದ್ದಳು. ಲೈಸೆನ್ಸ್ ಇಲ್ಲದವರು ಇದರಲ್ಲಿ ಕೇಳಬಹುದು, ಮಾತಾಡುವಂತಿಲ್ಲ. ಆ ವಿಷಯದಲ್ಲಿ ಅವಳು ಭಾರೀ ಕಟ್ಟುನಿಟ್ಟು. ಹೀಗಾಗಿ ಜೀಪಿನಲ್ಲಿ ಅವಳೇ ಕೂಡಿಸಿದ ಸೆಟ್ಟು ಇದ್ದರೂ ನಾನು ಕೇಳುಗ ಮಾತ್ರ. ನಾನು ಸೈಟಿನಿಂದ ಹೊರಡುವ ಹೊತ್ತಿಗೆ ಅವಳು ಮನೆಯಿಂದ ಯಾವುದೋ ಗೆಳತಿಯ ಜೊತೆ ಮಾತಾಡುತ್ತ, ನಡುವೆ ಬೇಕಂತಲೇ ಇವತ್ತು ನಮ್ಮನೆಯಲ್ಲಿ ಎಣ್ಣೆಗಾಯಿ ಎಂದು ಸೇರಿಸುತ್ತಿದ್ದಳು. ಅದು ನನಗೆ. ನಾನು ಓಣಿಯ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿದ್ದೆ. ಅದು ನನ್ನ ಉತ್ತರ.

ರವಿವಾರ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಬದಾಮಿಯ ಕಡೆ ಹೋಗುವುದು ನಮ್ಮ ರೂಢಿ. ಮಹಾಕೂಟ ದಾಟಿ ಒಂದು ಕಲ್ಲುದಾರಿ ಹಿಡಿದರೆ ಒಂದು ಹಾಸುಬಂಡೆಯ ದಿಬ್ಬ ಸಿಗುತ್ತದೆ. ಅಲ್ಲಿಗೆ ಜೀಪು ಬಿಟ್ಟು ಬೇರೆ ಗಾಡಿ ಹತ್ತುವುದಿಲ್ಲ. ಪಶ್ಚಿಮಕ್ಕೆ ಕೆಳಗೆ ಮಹಾಕೂಟದ ಗುಡಿಗಳು, ಮರಗಳ ನಡುವೆ ಹೊಂಡದ ನೀರು. ಪೂರ್ವಕ್ಕೆ ಕಣ್ಣು ಹಾಯುವ ತನಕ ಎರೆಭೂಮಿ, ಹುನಗುಂದ, ಅದರಾಚೆ ಇಳಕಲ್ಲು. ನನಗೆ ಗುಡಿಯ ಕಡೆ ನೋಡುತ್ತ ಕೂರುವುದು ಇಷ್ಟ. ಸುನಂದಾಳ ರೇಡಿಯೊ ಗೆಳತಿಯರೆಲ್ಲ ಪೂರ್ವದ ಕಡೆಯವರು. ನಮ್ಮ ಜಗಳ ಹುಟ್ಟುತ್ತಿದ್ದುದು ಇಲ್ಲೇ.

ಆ ಜಗಳ ಅರ್ಥವಾಗಬೇಕಾದರೆ ಆಂಟೆನಾದ ವಿಷಯ ಸ್ವಲ್ಪ ಹೇಳಬೇಕು. ಗಾಡಿಯ ಮೇಲೆ ನಿಂತಿರುವ ಕಡ್ಡಿಯೊಂದೇ ಆಂಟೆನಾ ಎಂದು ನಾವು ತಿಳಿಯುತ್ತೇವೆ. ಸುನಂದಾ ಹೇಳುತ್ತಿದ್ದಂತೆ ಅದು ಅರ್ಧ ಮಾತ್ರ, ಉಳಿದರ್ಧ ಕಡ್ಡಿಯ ಬುಡಕ್ಕೆ ತಾಗಿರುವ ಗಾಡಿಯ ತಗಡು. ಚಾವಣಿ ತಗಡಿನದಾಗಿದ್ದರೆ ಅದರ ನಟ್ಟನಡುವೆ ಕೂಡಿಸಬಹುದು, ಆಗ ದನಿ ನಾಲ್ಕೂ ಕಡೆ ಸಮನಾಗಿ ಹೋಗುತ್ತದೆ. ನಮ್ಮದು ತಾಡಪತ್ರಿ. ಹಿಂದಿನ ಎಡಮೂಲೆಯೇ ಗತಿ. ಮೂಲೆಯಲ್ಲಿ ಕೂಡಿಸಿದರೆ ತಗಡೆಲ್ಲ ಒಂದೇ ಕಡೆ ಉಳಿಯುವುದರಿಂದ ದನಿ ಮುಂದಿನ ಬಲಮೂಲೆಯ ಕಡೆಗೆ ಜೋರಾಗಿ, ಬೆನ್ನಿನ ಕಡೆಗೆ ಮೆತ್ತಗೆ ಹೋಗುತ್ತದೆ. ಅಂದರೆ ಯಾರ ಜೊತೆ ಮಾತಾಡಬೇಕೋ ಅವರ ಕಡೆಗೆ ಜೀಪಿನ ಮುಖ ಇರಬೇಕು. ನಾನು ಪ್ರತಿ ಸಲವೂ ಅಭ್ಯಾಸಬಲದಿಂದ ಗುಡಿಯ ಕಡೆಗೇ ಮುಖ ಮಾಡಿ ನಿಲ್ಲಿಸುತ್ತಿದ್ದೆ. ಅವಳು ಮೈಕು ಕೈಯಲ್ಲಿ ಹಿಡಿದುಕೊಂಡೇ ಅನ್ನುತ್ತಿದ್ದಳು:

"ಮತ್ತ ಗುಡಿ ಕಡೆ ಮಾರಿ ಮಾಡಿ ನಿಲ್ಲಿಸೀರಿ. ಜೀಪ್ ಹೊಳ್ಳಿಸ್ರಿ."

ದೇವರಿಗೆ ಒಂದು ದಿನವೂ ಕೈ ಮುಗಿಯದವನಿಗೆ ಗುಡಿಯ ಮೇಲೆ ಇದೆಂಥ ಪ್ರೀತಿ ಎಂದು ಸೇರಿಸುವುದೂ ಇತ್ತು. ನಾನು ಗೊಣಗುತ್ತ ಗೇರು ಹಾಕಿ, ಆ ಇಕ್ಕಟ್ಟಿನ ಬಂಡೆಯ ಮೇಲೆ ಹಿಂದೆಮುಂದೆ ಮಾಡಿ ಜೀಪು ತಿರುಗಿಸುತ್ತಿದ್ದೆ. ಆಗ ಅವಳ ಗೆಳತಿಯರ ದನಿ ಪಕ್ಕದ ಮನೆಯಿಂದ ಬಂದಷ್ಟು ಸ್ಪಷ್ಟವಾಗುತ್ತಿತ್ತು. ನನಗೆ ಗುಡಿ ತಪ್ಪುತ್ತಿತ್ತು.

ಇನ್ನೊಂದು ತಕರಾರು ತೂತಿನದು. ಆಂಟೆನಾ ಕೂಡಿಸಲು ಜೀಪಿನ ಮೂಲೆಗೆ ತೂತು ಕೊರೆದು ಬೋಲ್ಟು ಬಿಗಿಯಬೇಕೆಂದು ಅವಳು, ನನ್ನ ಜೀಪಿನ ಮೈಗೆ ಡ್ರಿಲ್ ತಾಗಿಸಕೂಡದೆಂದು ನಾನು. ರಾಜಿಯಾಗಿ ಅಯಸ್ಕಾಂತದ ಬುಡವಿರುವ ಒಂದು ಆಂಟೆನಾ ತಂದಳು. ಡಾಂಬರು ರಸ್ತೆಯಲ್ಲಿ ಅದು ಗಟ್ಟಿಯಾಗಿಯೇ ಕೂಡುತ್ತಿತ್ತು. ಕಲ್ಲುದಾರಿಗೆ ಇಳಿದು ಜಾಲಿಯ ಟೊಂಗೆ ಬಡಿದರೆ ಉದುರಿ, ವೈರಿಗೆ ಜೋತು ಬಿದ್ದು ಜೀಪಿನ ಹಿಂದೆ ಎಳೆದುಕೊಂಡು ಬರುತ್ತಿತ್ತು. ಸುನಂದಾ ಇಳಿದು, ಅದರ ಧೂಳು ಒರೆಸಿ, ಮತ್ತೆ ಮೂಲೆಗೆ ಅಂಟಿಸಿ, ಏನೂ ಮಾತಾಡದೆ ಬಂದು ಕೂರುತ್ತಿದ್ದಳು. ಆ ಮಾತಾಡದಿರುವುದೇ ಬೈಗುಳ.

ನೀವೂ ಪರೀಕ್ಷೆಗೆ ಕೂರಿ ಎಂದು ಅವಳು ಮದುವೆಯಾದ ಹೊಸತರಿಂದ ಹೇಳುತ್ತಿದ್ದಳು. ಸಿಮೆಂಟು ಕಬ್ಬಿಣದವನಿಗೆ ಕರೆಂಟಿನ ಪಾಠ ತಲೆಗೆ ಹೋಗುವುದಿಲ್ಲ ಎಂದು ನಾನು ನಗೆಯಾಡಿ ಮುಂದೂಡುತ್ತಿದ್ದೆ. ಆಮೇಲೆ ಅವಳಿಗೆ ಕಾಯಿಲೆ ಬಂತು. ದವಾಖಾನೆಗಳ ವಿಷಯ ಇಲ್ಲಿ ಬೇಡ. ಹಾಸಿಗೆ ಹಿಡಿದ ದಿನಗಳಲ್ಲಿ ಹೊತ್ತು ಕಳೆಯಲಿ ಎಂದು ನಾನೇ ಅವಳ ಹಳೆಯ ಪುಸ್ತಕ ತೆಗೆದೆ. ಅವಳು ಕಣ್ಣು ಮುಚ್ಚಿಕೊಂಡೇ ಪಾಠ ಹೇಳಿದಳು. ಮೈಕಿನ ಗುಂಡಿ ಒತ್ತಿದ್ದಾಗ ನಮ್ಮ ಮಾತು ಹೋಗುತ್ತದೆಯೇ ಹೊರತು ಯಾರ ಮಾತೂ ನಮಗೆ ಕೇಳುವುದಿಲ್ಲ, ಗುಂಡಿ ಬಿಟ್ಟ ಮೇಲೆಯೇ ಸೆಟ್ಟಿಗೆ ಕಿವಿ ಬರುತ್ತದೆ. ಒಬ್ಬರು ಓವರ್ ಎಂದು ಮಾತು ಮುಗಿಸಿದೊಡನೆ ಇನ್ನೊಬ್ಬರು ಶುರು ಮಾಡಬಾರದು, ಒಂದು ಉಸಿರಿನಷ್ಟು ಜಾಗ ಬಿಡಬೇಕು. ಬೇರೆ ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಅವರು ಆ ಜಾಗದಲ್ಲಿ ಬರುತ್ತಾರೆ. ಇದು ರೇಡಿಯೊದವರ ಮರ್ಯಾದೆ. ಮಾತಿನ ನಡುವೆ ಬಾಯಿ ಹಾಕುವ ನನ್ನ ಚಟ ಗೊತ್ತಿದ್ದರಿಂದ ಇದೊಂದನ್ನು ಅವಳು ಮತ್ತೆ ಮತ್ತೆ ಹೇಳಿದಳು. ಒಂದು ಸಂಜೆ ಪುಸ್ತಕ ಮುಚ್ಚಿಸಿ ನನ್ನಿಂದ ಮಾತು ತೆಗೆದುಕೊಂಡಳು.

"ನೀವು ಪಾಸಾದ ಮ್ಯಾಲೆ ಮೊದಲನೇ ಕರೆ ನನಗ ಬರಬೇಕು. ಬ್ಯಾರೆ ಯಾರಿಗೂ ಅಲ್ಲ."

"ನಿನಗ ಅಲ್ಲದ ಮತ್ಯಾರಿಗೆ ಮಾಡ್ಲಿ" ಎಂದೆ.

ಅವಳು ಹೋದ ಮೇಲೆ ಪರೀಕ್ಷೆ ಬಂತು. ಬರೆದೆ. ಪಾಸಾದೆ. ನನ್ನ ಹೆಸರಿಗೆ ಒಂದು ಕರೆಗುರುತು ಕೊಟ್ಟರು, ಕೆಲವು ಅಕ್ಷರ, ಒಂದು ಅಂಕಿ. ಆ ಕಾಗದ ಬಂದ ದಿನ ನಾನು ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಬಾಗಿಲಲ್ಲಿ ನಿಂತ ಮೇಲೆ ಅಲ್ಲಿ ಯಾರಿಗೆ ತೋರಿಸಲು ಬಂದೆ ಎಂದು ನೆನಪಾಯಿತು. ಒಲೆಯ ಮುಂದೆ ಇದ್ದವಳು ನನ್ನ ಅಕ್ಕ. ಸುನಂದಾ ಮಲಗಿದಾಗಿನಿಂದ ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ. ಅವಳು ಕಾಗದ ನೋಡಿ, ಚಲೋ ಆತು ಎಂದು ರೊಟ್ಟಿ ತಿರುವಿದಳು.

ಮೊದಲ ಕರೆ ಮಾತ್ರ ಆಗಲಿಲ್ಲ. ಮನೆಯ ಸೆಟ್ಟಿನ ಮುಂದೆ ಎಷ್ಟೋ ಸಂಜೆ ಕೂತೆ. ಗುಂಡಿಯ ಮೇಲೆ ಬೆರಳಿಡುತ್ತಿದ್ದೆ, ಒತ್ತುತ್ತಿರಲಿಲ್ಲ. ಯಾರನ್ನು ಕರೆದರೂ ಅದೇ ಮೊದಲ ಕರೆಯಾಗಿಬಿಡುತ್ತದೆ. ಅವಳಿಗೆ ಕೊಟ್ಟ ಮಾತನ್ನು ಇನ್ನಾರಿಗೋ ಕೊಟ್ಟಂತೆ ಆಗುತ್ತದೆ. ಇದನ್ನು ಯಾರಿಗಾದರೂ ಹೇಳಿದರೆ ನಕ್ಕಾರು. ಹೇಳಲಿಲ್ಲ.

ಕಡೆಗೆ ಒಂದು ನಿರ್ಧಾರಕ್ಕೆ ಬಂದೆ. ಕರೆ ಮಾಡುವುದಾದರೆ ಜೀಪಿನಿಂದಲೇ, ಆ ದಿಬ್ಬದ ಮೇಲಿಂದಲೇ, ಅವಳು ಹೇಳಿದ ರೀತಿಯಲ್ಲೇ ಆಂಟೆನಾ ಕೂಡಿಸಿ ಮಾಡಬೇಕು. ಅವಳ ಕಪಾಟಿನಲ್ಲಿ ಬಟ್ಟೆ ಸುತ್ತಿಟ್ಟ ಕಡ್ಡಿಗಳಿದ್ದವು. ಒಂದು ನನ್ನ ಭುಜಕ್ಕೆ ಬರುವಷ್ಟು ಉದ್ದದ್ದು. ದನಿ ದೂರ ಒಯ್ಯುತ್ತದೆ, ಆದರೆ ಜಾಲಿಯ ಟೊಂಗೆಗಳ ನಡುವೆ ಒಂದು ದಿನವೂ ಬಾಳುವುದಿಲ್ಲ. ಇನ್ನೊಂದು ಮೊಳದುದ್ದದ್ದು, ಅದರ ಬುಡಕ್ಕೆ ಸ್ಪ್ರಿಂಗು, ಟೊಂಗೆ ಬಡಿದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಎತ್ತರ ಬೇಕಾದರೆ ಗುಡ್ಡವೇ ಕೊಡುತ್ತದಲ್ಲ ಎಂದು ಗಿಡ್ಡದ್ದನ್ನೇ ಆರಿಸಿದೆ. ಬಂಪರಿಗೆ ಬಿಗಿದರೆ ತೂತಿನ ಗೊಡವೆ ಇರುತ್ತಿರಲಿಲ್ಲ, ಆದರೆ ಅಲ್ಲಿ ಅರ್ಧ ಕಡ್ಡಿಗೆ ಜೀಪಿನ ಮೈಯೇ ಅಡ್ಡ. ಬಾನೆಟ್ಟಿನ ಪಕ್ಕಕ್ಕೆ ಹಾಕಿದರೆ ಓಡಿಸುವಾಗ ಕಣ್ಣಿಗೆ ಅಡ್ಡ. ಸುತ್ತಿ ಬಳಸಿ ಅವಳ ಎಡಮೂಲೆಗೇ ಬಂದು ನಿಂತೆ.

ಡ್ರಿಲ್ ಹಿಡಿದು ಆ ಮೂಲೆಗೆ ತೂತು ಕೊರೆದೆ. ಕಬ್ಬಿಣದ ಪುಡಿ ಚಪ್ಪಲಿಯ ಮೇಲೆ ಉದುರಿತು. ಅಕ್ಕ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಅವಳಿದ್ದಾಗ ಆಗದ್ದು ಈಗ ಆತು ಎಂದಳು, ಬೈದಂತೆಯೂ ಅಲ್ಲ, ಹೊಗಳಿದಂತೆಯೂ ಅಲ್ಲ. ಬ್ರ್ಯಾಕೆಟ್ಟು ಇಟ್ಟು ಬೋಲ್ಟು ಬಿಗಿದು, ವೈರು ಒಳಗೆ ತಂದು, ಸುನಂದಾಳ ಮೀಟರನ್ನು ನಡುವೆ ಜೋಡಿಸಿ ಗುಂಡಿ ಒತ್ತಿದೆ. ಸೆಟ್ಟಿನ ಶಕ್ತಿ ಹೊರಗೆ ಹೋಗದೆ ಎಷ್ಟು ಹಿಂದಕ್ಕೆ ಬರುತ್ತಿದೆ ಎಂದು ತೋರಿಸುವ ಮೀಟರು ಅದು. ಮುಳ್ಳು ಕೆಂಪು ಗೆರೆ ದಾಟಿ ಹೋಯಿತು. ಏನು ಮಾಡಿದರೂ ಇಳಿಯಲಿಲ್ಲ.

ಬಹಳ ಹೊತ್ತಿನ ಮೇಲೆ ಹೊಳೆಯಿತು. ತೂತು ಕೊರೆದಿದ್ದೆ, ಸುತ್ತಲಿನ ಬಣ್ಣ ಕೆರೆದಿರಲಿಲ್ಲ. ಬ್ರ್ಯಾಕೆಟ್ಟು ಬಣ್ಣದ ಮೇಲೆ ಕೂತಿತ್ತು, ತಗಡಿಗೆ ತಾಗಿರಲಿಲ್ಲ. ವರ್ಷಗಟ್ಟಲೆ ಪಾಲಿಶ್ ಹಚ್ಚಿದ ಕೈಗೆ ಅಷ್ಟು ಮಾಡಲು ಬಂದಿರಲಿಲ್ಲ. ಬೋಲ್ಟು ಬಿಚ್ಚಿ ಎಮರಿ ಪೇಪರಿನಿಂದ ಉಜ್ಜಿದೆ. ಮೊದಲು ನನ್ನ ಹಸಿರು ಹೋಯಿತು, ಆಮೇಲೆ ಇಲಾಖೆಯ ಕಾಲದ ಬೂದು, ಆಮೇಲೆ ಬೆಳ್ಳಗಿನ ತಗಡು ಕಂಡಿತು. ಗ್ರೀಸು ಸವರಿ ಮತ್ತೆ ಬಿಗಿದೆ. ಗುಂಡಿ ಒತ್ತಿದರೆ ಮುಳ್ಳು ಅಲ್ಲಾಡಲೇ ಇಲ್ಲ, ಬುಡದಲ್ಲೇ ಮಲಗಿತ್ತು. ನನಗೆ ಅಳು ಬಂತು. ಯಾಕೆಂದು ಕೇಳಬೇಡಿ. ಇದನ್ನು ನೋಡಿದ್ದರೆ ಅವಳಿಗೆ ಎಷ್ಟು ಸಂತೋಷವಾಗುತ್ತಿತ್ತು ಎಂಬುದೊಂದೇ ಮನಸ್ಸಿನಲ್ಲಿತ್ತು.

ಮುಂದಿನ ರವಿವಾರ ಹೊರಟೆ. ಅಕ್ಕ ಬುತ್ತಿ ಕೊಟ್ಟಳು. ಬಿಚ್ಚಿ ನೋಡಿದರೆ ಇಬ್ಬರಿಗೆ ಆಗುವಷ್ಟು ರೊಟ್ಟಿ, ಹಿಂಡಿ, ಪಲ್ಲೆ, ಮಜ್ಜಿಗೆ. ದಿನವೂ ತನಗೂ ನನಗೂ ಸೇರಿಸಿ ಮಾಡುವ ರೂಢಿಯ ಕೈ. ದಿಬ್ಬದ ಮೇಲೆ ಯಾರೂ ಇರಲಿಲ್ಲ. ಕೆಳಗೆ ಹೊಂಡದಲ್ಲಿ ಮೀಯುವವರ ಸದ್ದು ಗಾಳಿ ಬಂದಾಗ ಮಾತ್ರ ಕೇಳುತ್ತಿತ್ತು. ಉಂಡು, ಕೈ ತೊಳೆದು, ಜೀಪಿನೊಳಗೆ ಬಂದು ಕೂತೆ. ಮೈಕು ಕೈಗೆ ತೆಗೆದುಕೊಂಡೆ.

ತೀರಿಕೊಂಡವರ ಕರೆಗುರುತನ್ನು ಕರೆಯುವ ಪದ್ಧತಿ ಇಲ್ಲ. ನಾನು ಒಮ್ಮೆ ಅವಳ ಹೆಸರನ್ನು ಮನಸ್ಸಿನೊಳಗೇ ಹೇಳಿದೆ. ಇದು ನಿನಗೇ, ಯಾರಾದರೂ ನಡುವೆ ಉತ್ತರ ಕೊಟ್ಟರೆ ನಾನೇನು ಮಾಡಲಿ ಎಂದುಕೊಂಡೆ. ಆಮೇಲೆ ಗುಂಡಿ ಒತ್ತಿ, ನನ್ನ ಕರೆಗುರುತು ಹೇಳಿ, ಯಾರಾದರೂ ಕೇಳುತ್ತಿದ್ದೀರಾ ಎಂದು ಕರೆದೆ. ಗುಂಡಿ ಬಿಟ್ಟೆ. ಬರೀ ಗಾಳಿಯಂಥ ಸದ್ದು. ಮತ್ತೊಮ್ಮೆ ಕರೆದೆ. ಈ ಸಲ ಒಬ್ಬರು ಬಂದರು. ಇಳಕಲ್ಲಿನಿಂದ ಮಹಾಂತೇಶ ಎಂದು ಹೆಸರು ಹೇಳಿದರು, ಹರೆಯದ ದನಿ. ನನ್ನ ಮಾತು ತುಂಡುತುಂಡಾಗಿ ಬರುತ್ತಿದೆ, ಇನ್ನೊಮ್ಮೆ ಹೇಳಿ ಎಂದರು. ನಾನು ನನ್ನ ಹೆಸರು, ಊರು ಬಾಗಲಕೋಟೆ, ಇದು ನನ್ನ ಮೊದಲ ಕರೆ, ದನಿ ಹೇಗೆ ಕೇಳುತ್ತಿದೆ ಎಂದಷ್ಟೇ ಹೇಳಿ ಗುಂಡಿ ಬಿಟ್ಟೆ. ಇಷ್ಟೇ ಹೇಳಿದ್ದು. ದಿಬ್ಬದ ಮಾತಾಗಲಿ, ಜೀಪಿನ ಮಾತಾಗಲಿ ಎತ್ತಿರಲಿಲ್ಲ. ಇದನ್ನು ನಾನು ನೂರು ಸಲ ನೆನಪು ಮಾಡಿಕೊಂಡು ನೋಡಿದ್ದೇನೆ.

"ನಿಮ್ಮ ದನಿ ಕಡದ ಕಡದ ಬರಾಕತ್ತೈತ್ರಿ ಸರ್. ಮೇಡಂ ಹೇಳಿದ್ದು ಖರೇ ಐತಿ ನೋಡ್ರಿ, ಜೀಪ್ ಹೊಳ್ಳಿಸಿ ನಿಲ್ಲಿಸ್ರಿ. ಓವರ್."

ತಪ್ಪು ಕೇಳಿಸಿಕೊಂಡೆ ಎಂದುಕೊಂಡೆ. ಯಾವ ಮೇಡಂ ಎಂದು ಕೇಳಿದೆ.

"ನಿಮ್ಮ ಬಾಜೂಕ ಕುಂತಾರಲ್ರಿ, ಅವರು. ನೀವು ಮಾತಾಡೂ ಮುಂದ ನಡುವ ಅಂದ್ರಲ್ಲರಿ. ಮತ್ತ ಗುಡಿ ಕಡೆ ಮಾರಿ ಮಾಡಿ ನಿಲ್ಲಿಸೀರಿ, ಜೀಪ್ ಹೊಳ್ಳಿಸ್ರಿ ಅಂತ. ನಿಮಗಿಂತ ಅವರ ದನೀನ ಚಲೋ ಬಂತ್ರಿ ಸರ್. ಓವರ್."

ಪಕ್ಕದ ಸೀಟಿನಲ್ಲಿ ಬುತ್ತಿಯ ಚೀಲ ಇತ್ತು. ಎದುರಿನ ಗಾಜಿನಾಚೆ, ಕೆಳಗೆ, ಮಹಾಕೂಟದ ಗುಡಿಗಳಿದ್ದವು. ನಾನು ಅಭ್ಯಾಸಬಲದಿಂದ ಗುಡಿಯ ಕಡೆಗೇ ಮುಖ ಮಾಡಿ ನಿಲ್ಲಿಸಿದ್ದೆ. ಆ ಕ್ಷಣದವರೆಗೂ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಹೆದರಿಕೆ ಆಗಲಿಲ್ಲ. ಇದನ್ನು ಓದುವವರು ಹೆದರಿಕೆಯನ್ನು ನಿರೀಕ್ಷಿಸುತ್ತಿದ್ದರೆ ಕ್ಷಮಿಸಬೇಕು. ನನಗಾದದ್ದು ಹೊಟ್ಟೆಕಿಚ್ಚು. ಇಳಕಲ್ಲಿನ ಯಾರೋ ಒಬ್ಬರಿಗೆ ಕೇಳಿದ್ದು ನನಗೆ ಕೇಳಲಿಲ್ಲ. ನಾನು ಮಾತಾಡುತ್ತಿದ್ದೆ, ಗುಂಡಿ ಒತ್ತಿಕೊಂಡಿದ್ದೆ, ನನ್ನ ಸೆಟ್ಟಿಗೆ ಆಗ ಕಿವಿ ಇರಲಿಲ್ಲ.

ಇಗ್ನಿಷನ್ ತಿರುಗಿಸಿದೆ. ಬಂಡೆಯ ಮೇಲೆ ಹಿಂದೆಮುಂದೆ ಮಾಡಿ ಜೀಪನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿದೆ. ಮತ್ತೆ ಕರೆದೆ. ಈಗ ಮಹಾಂತೇಶರಿಗೆ ನನ್ನ ದನಿ ಗಾಜಿನ ಹಾಗೆ ಸ್ವಚ್ಛ. ಅವರು ಸಂತೋಷಪಟ್ಟು, ತಾವು ಇಳಕಲ್ಲಿಗೆ ಬಂದು ಇನ್ನೂ ವರ್ಷವಾಗಿಲ್ಲ, ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಮ್ಯಾನೇಜರ್ ಕೆಲಸ, ಲೈಸೆನ್ಸ್ ಆದದ್ದೂ ಇಲ್ಲಿಗೆ ಬಂದ ಮೇಲೆಯೇ ಎಂದೆಲ್ಲ ಹೇಳಿದರು. ನಾನು ಅರ್ಧ ಕೇಳಿದೆ, ಅರ್ಧ ಕೇಳಲಿಲ್ಲ. ಕಡೆಗೆ, ಇರಿ, ಈಗ ನಾನು ಗುಂಡಿ ಒತ್ತಿ ಸುಮ್ಮನೆ ಇರುತ್ತೇನೆ, ಏನು ಕೇಳುತ್ತದೆ ಹೇಳಿ ಎಂದೆ. ಗುಂಡಿ ಒತ್ತಿದೆ. ಮೈಕನ್ನು ಪಕ್ಕದ ಸೀಟಿನ ಕಡೆಗೆ ಹಿಡಿದೆ. ಬೆರಳು ನೋಯುವ ತನಕ ಹಾಗೆಯೇ ಹಿಡಿದಿದ್ದೆ. ಮನಸ್ಸಿನಲ್ಲಿ, ಮಾತಾಡು, ಈ ಸಲ ನಾನು ನಡುವೆ ಬಾಯಿ ಹಾಕುವುದಿಲ್ಲ ಎನ್ನುತ್ತಿದ್ದೆ.

ಗುಂಡಿ ಬಿಟ್ಟೆ.

"ಏನೂ ಇಲ್ಲರಿ ಸರ್. ಗಾಳಿ ಸಪ್ಪಳ ಅಷ್ಟ. ಮೇಡಂಗೆ ನನ್ನ ನಮಸ್ಕಾರ ಹೇಳ್ರಿ. ಓವರ್."

"ಹೇಳ್ತೇನಿ" ಎಂದೆ. ಬೇರೇನು ಹೇಳಬೇಕಿತ್ತು? ಸೆಟ್ಟು ಆರಿಸಿ, ಪಕ್ಕಕ್ಕೆ ತಿರುಗಿ, ಇಳಕಲ್ಲಿನ ಮಹಾಂತೇಶರು ನಮಸ್ಕಾರ ಹೇಳಿದ್ದಾರೆ ಎಂದು ದೊಡ್ಡದಾಗಿಯೇ ಹೇಳಿದೆ. ಹೇಳುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ.

ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಬುತ್ತಿಯ ಡಬ್ಬಿ ತೊಳೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಗಾಡಿ ಹೊಳ್ಳಿಸಿದಿ ಇಲ್ಲೋ?"

"ಹೊಳ್ಳಿಸ್ದೆ."

"ಮತ್ತೇನು" ಎಂದು ಡಬ್ಬಿಯನ್ನು ಬೋರಲು ಹಾಕಿದಳು. ಅವಳ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ನನ್ನ ಮಟ್ಟಿಗೆ ಮುಗಿಯಲಿಲ್ಲ. ಬೇರೆಯವರ ದೆವ್ವಗಳಿಗೆಲ್ಲ ಕಾರಣ ಹುಡುಕಿದವನು ನನ್ನದಕ್ಕೆ ಹುಡುಕದಿರುತ್ತೇನೆಯೇ. ಇಂಥ ಸೆಟ್ಟುಗಳಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಿನ ದನಿ ಮೇಲೆ ಬಂದು ಮೆತ್ತಗಿನದು ಮುಳುಗುತ್ತದೆ. ನನ್ನ ಆಂಟೆನಾದ ಬೆನ್ನು ಇಳಕಲ್ಲಿನ ಕಡೆಗಿತ್ತು, ನನ್ನ ದನಿ ಮೆತ್ತಗಿತ್ತು. ಬೇರೆ ಯಾವುದೋ ಹೆಣ್ಣುಮಗಳು, ಬೇರೆ ಯಾವುದೋ ಗಾಡಿಯಲ್ಲಿ, ತನ್ನ ಗಂಡನಿಗೆ ಅಂದ ಮಾತು ನಡುವೆ ನುಗ್ಗಿರಬಹುದು. ಈ ಸೀಮೆಯಲ್ಲಿ ಗುಡಿಗಳಿಗೇನು ಬರವೇ? ಆದರೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಮತ್ತ ಎಂಬ ಮಾತಿನ ಸಮೇತ? ಅಥವಾ ಮಹಾಂತೇಶರು ತಮಾಷೆ ಮಾಡಿದರೇ? ಅವರಿಗೆ ಆ ಮಾತು ಗೊತ್ತಿರುವುದು ಹೇಗೆ? ಆ ದಿಬ್ಬದ ಮೇಲಿನ ನಮ್ಮ ಜಗಳವನ್ನು ಯಾರೂ ಕೇಳಿಲ್ಲ, ಅವಳು ಆ ಮಾತನ್ನು ಮೈಕಿನ ಗುಂಡಿ ಒತ್ತಿ ಎಂದೂ ಅಂದಿರಲಿಲ್ಲ. ಅಥವಾ ನಾನೇ ಅರಿವಿಲ್ಲದೆ ಬಾಯಿ ಬಿಟ್ಟು ಹೇಳಿದೆನೇ? ನನ್ನ ದನಿ ಹೆಂಗಸಿನ ದನಿಯಲ್ಲ, ಕ್ಯಾಂಪಿನಲ್ಲಿ ನಾನು ಮಾತಾಡಿದರೆ ಆಚೆ ದಂಡೆಗೆ ಕೇಳುತ್ತಿತ್ತು. ಒಂದೊಂದು ಕಾರಣವೂ ಅರ್ಧ ದಾರಿ ಬಂದು ನಿಂತುಬಿಡುತ್ತದೆ.

ಕೆಲವು ವಾರಗಳ ಮೇಲೆ ಇಳಕಲ್ಲಿಗೆ ಹೋದೆ. ಮಹಾಂತೇಶರನ್ನು ಅವರ ಕೆಲಸದ ಜಾಗದಲ್ಲೇ ಕಂಡೆ. ಮೈಮೇಲೆಲ್ಲ ಕಲ್ಲಿನ ಧೂಳು, ನಗುವ ಕಣ್ಣು. ಸಾಣೆ ಹಿಡಿಯುವ ಸದ್ದಿನಲ್ಲಿ ಮಾತು ಕೇಳದೆ ಇಬ್ಬರೂ ಹೊರಗೆ ಬಂದು ಚಹಾ ಕುಡಿದೆವು. ನಾನು ಕೇಳಿದೆ, ಅವರು ಮತ್ತೊಮ್ಮೆ ಹೇಳಿದರು, ಅದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ದನಿ ಹೇಗಿತ್ತು ಎಂದೆ. ಸಿಟ್ಟಿನಲ್ಲಿ ಅಂದಂತೆ ಇತ್ತು, ಆದರೆ ಸಿಟ್ಟು ಇರಲಿಲ್ಲ ಎಂದರು. ಮೇಡಂ ಯಾಕೆ ಬರಲಿಲ್ಲ ಎಂದು ಕೇಳಿದಾಗ ಅವರಿಗೆ ವಿಷಯ ಹೇಳಿದೆ. ಅವರು ಚಹಾದ ಕಪ್ಪನ್ನು ಕೆಳಗಿಟ್ಟರು.

ನನ್ನ ಕಿಸೆಯಲ್ಲಿ ಫೋನ್ ಇತ್ತು. ಅದರಲ್ಲಿ ಸುನಂದಾಳ ದನಿ ಇದೆ, ಕಾಲೇಜಿನ ಒಂದು ಕಾರ್ಯಕ್ರಮದಲ್ಲಿ ಯಾರೋ ಹಿಡಿದದ್ದು. ಅದನ್ನು ಕೇಳಿಸಿ, ಇದೇ ದನಿಯೇ ಎಂದು ಕೇಳಿಬಿಡಬೇಕೆಂದೇ ನಾನು ಅಷ್ಟು ದೂರ ಹೋಗಿದ್ದು. ಹೌದು ಅಥವಾ ಅಲ್ಲ, ಒಂದು ನಿಮಿಷದ ಕೆಲಸ. ಬೇರೆ ಯಾರದೇ ಕಥೆಯಾಗಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ಕಿಸೆಯಲ್ಲಿ ಕೈ ಇಟ್ಟುಕೊಂಡೇ ಚಹಾ ಮುಗಿಸಿದೆ. ಅಲ್ಲ ಎಂದುಬಿಟ್ಟರೆ? ಫೋನ್ ಹೊರಗೆ ತೆಗೆಯಲಿಲ್ಲ. ನಮಸ್ಕಾರ ಹೇಳಿ ಬಂದುಬಿಟ್ಟೆ.

ಹೀಗಾಗಿ ಅದು ಸುನಂದಾಳ ದನಿಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವ ದಾರಿಯನ್ನು ಕೈಯಾರೆ ಮುಚ್ಚಿಕೊಂಡು ಬಂದವನು ನಾನು. ದೆವ್ವ ಇದೆಯೇ ಎಂದು ಈಗಲೂ ಯಾರಾದರೂ ಕೇಳಿದರೆ ಇಲ್ಲ ಎಂದೇ ಹೇಳುತ್ತೇನೆ. ಸುನಂದಾಳನ್ನು ಆ ಹೆಸರಿನಿಂದ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಈಗ ನಾನೂ ಆ ಬಳಗದವನಾಗಿದ್ದೇನೆ. ಹೊಸಬರು ಗಾಡಿಗೆ ಆಂಟೆನಾ ಎಲ್ಲಿ ಕೂಡಿಸಬೇಕೆಂದು ಕೇಳಿದರೆ ಬಣ್ಣ ಕೆರೆಯುವುದನ್ನು ಮರೆಯಬೇಡಿ ಎನ್ನುತ್ತೇನೆ. ರವಿವಾರ ದಿಬ್ಬಕ್ಕೆ ಹೋಗುವುದು ತಪ್ಪಿಸುವುದಿಲ್ಲ. ಒಂದು ಮಾತು ಮುಗಿದು ಇನ್ನೊಂದು ಶುರುವಾಗುವ ನಡುವೆ ಅವಳು ಕಲಿಸಿದಂತೆ ಜಾಗ ಬಿಡುತ್ತೇನೆ, ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ಬಿಡುತ್ತೇನೆ. ಸಿಕ್ಕವರನ್ನೆಲ್ಲ ನನ್ನ ದನಿ ಹೇಗಿದೆ ಎಂದು ಕೇಳಿದ ಮೇಲೆ, ನನ್ನದೊಂದೇ ದನಿ ಕೇಳಿತೇ ಎಂದೂ ಕೇಳುತ್ತೇನೆ. ಒಂದೇ ಎನ್ನುತ್ತಾರೆ. ವಿಚಿತ್ರ ಮನುಷ್ಯ ಎಂದುಕೊಳ್ಳುತ್ತಿರಬಹುದು.

ಜೀಪಿನ ಮುಖ ಯಾವ ಕಡೆ ಇರಬೇಕೆಂದು ನನಗೆ ಈಗ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಪ್ರತಿ ಸಲ ಗುಡಿಯ ಕಡೆಗೇ ಮುಖ ಮಾಡಿ ನಿಲ್ಲಿಸುತ್ತೇನೆ. ಕರೆಯುತ್ತೇನೆ. ಕಾಯುತ್ತೇನೆ. ಬಿಸಿಲು ಬಂಡೆಯಿಂದ ಇಳಿಯುವ ತನಕ ಯಾರೂ ಏನೂ ಅನ್ನದಿದ್ದರೆ, ಗೇರು ಹಾಕಿ ನಾನೇ ತಿರುಗಿಸುತ್ತೇನೆ.